ಗುಡುಗಿದರೆ ರೇಡಿಯೊ ಆರಿಸಿ

ಬೆಳಗಿನ ಆರು ದಾಟಿದ್ದರೂ ಇನ್ನೂ ಮಬ್ಬು. ತುಮಕೂರಿನ ಉಪ್ಪಾರಹಳ್ಳಿಯ ಮನೆ ಜಗಲಿಯಲ್ಲಿ ರೇಡಿಯೊ ಮೆಕ್ಯಾನಿಕ್ ಅಂಜನಮೂರ್ತಿ ಟ್ರಾನ್ಸಿಸ್ಟರೊಂದನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಒಂದು ದಿಕ್ಕಿಗೆ ಬಂದಾಗ ಬೆಂಗಳೂರು ಕೇಂದ್ರದ ದನಿ ಅಡಗುತ್ತದೆ.

"ಈಗ ಡಬ್ಬದ ತುದಿ ಬೆಂಗಳೂರು ಕಡೆಗದೆ. ಮಂಜಲ್ಲಿ ದಡ ಕಾಣ್ದಿದ್ರೂ ದೋಣಿಯೋರಿಗೆ ಹಿಂಗೆ ದಿಕ್ಕು ಸಿಗ್ತದೆ."

ಈ ಸೆಟ್ಟು ಕಾರವಾರದ ಹಾಯಿದೋಣಿಯೊಂದಕ್ಕೆ ಹೊರಟಿದೆ. ಅಂಜನಮೂರ್ತಿ ಮಾತ್ರ ಕುಣಿಗಲ್ ದೊಡ್ಡಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಹದಿನೆಂಟು ವರ್ಷದಿಂದ ದಿನಕ್ಕೆ ಆರೇಳು ರೇಡಿಯೊ ಬಿಚ್ಚಿ ಮುಚ್ಚುತ್ತಿದ್ದಾರೆ, ಅಷ್ಟೇ.

ಎರಡು ವರ್ಷದ ಹಿಂದೆ, ೧೯೬೨ರಲ್ಲಿ, ನೌಕಾಪಡೆ ಬಿಟ್ಟು ಬಂದ ಕುಣಿಗಲ್ಲಿನ ಪರಮಶಿವಯ್ಯ ಹಳೆಯ ಹಾಯಿದೋಣಿ ಕೊಂಡು, ಅದಕ್ಕೆ ಬೇಕಾದ ಯಂತ್ರಗಳನ್ನು ಆರಿಸಿಕೊಡಲು ಇವರನ್ನೇ ಕೇಳಿದ್ದರು. ಇವರು ತಿಂಗಳುಗಟ್ಟಲೆ ಕ್ಯಾಟಲಾಗು ಓದಿದರು. ನೀರಿನ ಆಳ ಅಳೆಯುವ ಯಂತ್ರ ಬ್ಯಾಟರಿ ನುಂಗುತ್ತದೆಂದು ಬಿಟ್ಟರು. ರೇಡಿಯೊ, ದಿಕ್ಸೂಚಿ, ದೂರಕ್ಕೆ ಕಾಣುವ ದೀಪ ಆರಿಸಿದರು. ಆರಿಸಿದ್ದರಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದದ್ದು ಚೀಟಿಯಲ್ಲಿ. ಗುಬ್ಬಿ, ಹೆಬ್ಬೂರಿನ ಗಿರಾಕಿಗಳಿಗೆಲ್ಲ ಬರೆದುಕೊಡುವ ಚೀಟಿಯನ್ನೇ ಆ ರೇಡಿಯೊದ ಡಬ್ಬದಲ್ಲೂ ಇಟ್ಟಿದ್ದರು: 'ಗುಡುಗಿದರೆ ರೇಡಿಯೊ ಆರಿಸಿ.' ನಮ್ಮ ಕಡೆ ಮೋಡ ಗುಡುಗಿದೊಡನೆ ಸಿಡಿಲಿಗೆ ಹೆದರಿ ಏರಿಯಲ್ ತಂತಿ ಕೀಳದ ಮನೆಯಿಲ್ಲ. ದೋಣಿ ಸಮುದ್ರದಲ್ಲಿದ್ದ ಒಂದು ದಿನ ಬೆಳಗಿನಿಂದಲೇ ಗುಡುಗಿತು. ಪರಮಶಿವಯ್ಯ ಚೀಟಿಯ ಮಾತು ನಡೆಸಿದರು. ರೇಡಿಯೊದಲ್ಲಿ ಬಿರುಗಾಳಿಯ ಎಚ್ಚರಿಕೆ ಬಂದದ್ದು ಆ ಹೊತ್ತಿನಲ್ಲೇ. ಕೇಳಿದ ದೋಣಿಗಳು ದಡಕ್ಕೆ ತಿರುಗಿದವು, ಇವರದು ಮಗುಚಿತು. ಈಜಿ ಬದುಕಿದ ಅಂಬಿಗ ಬಂದು ಹೇಳಿದ್ದು ಇಷ್ಟು. ಪರಮಶಿವಯ್ಯನವರ ದೇಹವೂ ಸಿಗಲಿಲ್ಲ.

"ಆರಿಸಿಕೊಟ್ಟೋನೂ ನಾನೇ, ಆರಿಸಿ ಅಂತ ಬರ್ದೋನೂ ನಾನೇ," ಎನ್ನುತ್ತಾರೆ. ಆಮೇಲೆ ಅವರು ದೋಣಿಯ ಕೆಲಸ ಮುಟ್ಟಿರಲಿಲ್ಲ.

ಕಳೆದ ತಿಂಗಳು ಪರಮಶಿವಯ್ಯನವರ ಹೆಂಡತಿ ಶಿವರುದ್ರಮ್ಮ ಅಂಗಡಿಗೆ ಬಂದರು. ಈಗ ಮೈದುನ ಚನ್ನವೀರಯ್ಯ ಕಾರವಾರದಲ್ಲಿ ಬೇರೊಂದು ಹಾಯಿದೋಣಿ ಇಳಿಸುತ್ತಾನಂತೆ, ಯಾರು ಹೇಳಿದರೂ ಕೇಳುತ್ತಿಲ್ಲವಂತೆ. ಅಂಜನಮೂರ್ತಿ ಕೈಮುಗಿದು, ಬೇರೆಯವರನ್ನು ನೋಡಿಕೊಳ್ಳಿ ಎಂದರು.

"ನೀವೇ ಆರಿಸ್ಕೊಡಿ. ತಪ್ಪು ಎಲ್ಲಾಯ್ತು ಅನ್ನೋದು ನಿಮ್ಗಲ್ದೆ ಇನ್ಯಾರಿಗೆ ಗೊತ್ತದೆ?" ಎಂದರು ಆಕೆ.

ಅಂಜನಮೂರ್ತಿ ಈಗ ಸೆಟ್ಟನ್ನು ಡಬ್ಬದೊಳಗಿಟ್ಟು, ಹೊಸ ಚೀಟಿ ಬರೆಯುತ್ತಾರೆ: 'ಗುಡುಗಿದರೆ ಕಿವಿಗೊಟ್ಟು ಕೇಳಿ.' ಬರೆದದ್ದನ್ನು ಮೂರು ಸಲ ಓದುತ್ತಾರೆ.

"ಮಾರಿದ ಮಾಲು ವಾಪಸ್ ಬರ್ಬಾರ್ದು ಅಂತ ಎಲ್ರೂ ಬೇಡ್ಕೋತಾರೆ ಸ್ವಾಮಿ," ಎನ್ನುತ್ತಾರೆ. "ಇದೊಂದು ಮಾತ್ರ ಕೆಟ್ಟೋಗಿ, ಚನ್ನವೀರಯ್ಯನ ಕೈಲೇ ರಿಪೇರಿಗೆ ಬರ್ಲಿ."