ಗುಹೆಯಲ್ಲಿ ನುಂಗಿದ ಕೆಮ್ಮು

ನನ್ನ ತಂಗಿಗೆ ಕತ್ತಲಾದರೆ ಕಣ್ಣು ಕಾಣುವುದಿಲ್ಲ. ಹಗಲು ಸೂಜಿಗೆ ದಾರ ಪೋಣಿಸುತ್ತಾಳೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಾಳೆ. ಇದು ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ ಎಂದು ಅವಳು ಚಿಕ್ಕವಳಿದ್ದಾಗಲೇ ಡಾಕ್ಟರು ಹೇಳಿದ್ದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆ. ಸಂಜೆ ಹಾಲಿಗೆ ಹೋಗುವಾಗ ನಾನು ಅವಳ ಕೈ ಹಿಡಿದುಕೊಂಡು ಹೋಗುತ್ತಿದ್ದೆ. ಗಲ್ಲಿಯ ಹುಡುಗರು "ಮದುಮಕ್ಕಳು ಬಂದ್ರು, ದಾರಿ ಬಿಡಿ" ಎಂದು ರೇಗಿಸುತ್ತಿದ್ದರು. ನನಗೆ ನಾಚಿಕೆಯಾಗಿ ಕೈ ಬಿಟ್ಟೆ. ಅದರ ಬದಲಿಗೆ ನಾವಿಬ್ಬರೂ ಸೇರಿ ಕೆಮ್ಮನ್ನು ಕಂಡುಕೊಂಡೆವು. ನಾನು ಮುಂದೆ ನಡೆಯಬೇಕು, ಅವಳು ನನ್ನ ಹಿಂದೆ. ಇಳಿಯುವ ಮೆಟ್ಟಿಲು ಬಂದರೆ ಒಂದು ಕೆಮ್ಮು, ಹತ್ತುವುದಿದ್ದರೆ ಎರಡು. ಚರಂಡಿ ದಾಟಬೇಕಾದರೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವ್ವ ಮಾತ್ರ ಒಲೆಯ ಮುಂದಿನಿಂದಲೇ, "ನಿಮ್ಮ ಕೆಮ್ಮು ಚರಂಡಿ ಹತ್ರ ಬಂದಾಗ್ಲೇ ಸಾರು ಬಿಸಿಗಿಟ್ಟೆ" ಎನ್ನುತ್ತಿದ್ದಳು.

ಅಪ್ಪ ಹೋದ ಮೇಲೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೋಟಾರ್ ವೈಂಡಿಂಗ್ ಅಂಗಡಿ ಸೇರಿದೆ. ಆಮೇಲೆ ಅವ್ವನೂ ಹೋದಳು. ತಂಗಿಯ ಮದುವೆ ಮಾತಾಡಿದವನು ನಾನೇ. ಗಂಡಿನವರು ಶಿವಮೊಗ್ಗದ ಕೋಟೆ ಏರಿಯಾದಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟವರು. ಅವರ ಮನೆಯಲ್ಲಿ ತಾಯಿ, ಮಗ ಇಬ್ಬರೇ. ಹೆಣ್ಣು ನೋಡಲು ಸಂಜೆ ಬರುತ್ತೇವೆ ಎಂದಾಗ, ಬೆಳಿಗ್ಗೆಯೇ ಗಳಿಗೆ ಚೆನ್ನಾಗಿದೆ ಎಂದು ನಾನು ಫೋನಿನಲ್ಲಿ ಸುಳ್ಳು ಹೇಳಿದೆ. ಬಂದಾಗ ಆ ತಾಯಿ ನೇರವಾಗಿಯೇ ಕೇಳಿದರು:

"ಹುಡುಗಿಗೆ ಏನಾದ್ರೂ ತೊಂದ್ರೆ ಇದ್ರೆ ಈಗ್ಲೇ ಹೇಳಿಬಿಡಿ. ನಾಳೆ ಮಾತು ಬರಬಾರ್ದು."

"ಬಿಪಿ, ಸಕ್ಕರೆ ಏನೂ ಇಲ್ಲಮ್ಮ" ಎಂದೆ.

ಅವರು ನಕ್ಕರು. ಇಷ್ಟು ಚಿಕ್ಕ ಹುಡುಗಿಗೆ ಬಿಪಿ ಎಲ್ಲಿಂದ ಬರಬೇಕು. ತಂಗಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ, "ಅಣ್ಣ, ನಾನೇ ಅವರಿಗೆ ಹೇಳ್ತೀನಿ. ನನಗೆ ಧೈರ್ಯ ಬಂದಾಗ ಹೇಳ್ತೀನಿ, ನೀನು ಮಧ್ಯ ಬಾಯಿ ಹಾಕ್ಬೇಡ" ಎಂದಳು.

ಮದುವೆಯಾಗಿ ಕೆಲವು ತಿಂಗಳಾದರೂ ಅವಳಿಗೆ ಆ ಧೈರ್ಯ ಬರಲಿಲ್ಲ. ಕೋಟೆಯ ಮನೆಯಲ್ಲಿ ಟ್ಯೂಬ್‌ಲೈಟುಗಳಿದ್ದವು, ಕೋಣೆಗಳನ್ನು ಹಗಲೇ ಕಾಲಲ್ಲಿ ಅಳೆದಿಟ್ಟುಕೊಂಡಿದ್ದಳು. ರಾತ್ರಿ ಹೊರಗೆ ಹೋದರೆ ಗಂಡನ ತೋಳು ಹಿಡಿದುಕೊಳ್ಳುತ್ತಿದ್ದಳು. ಹೆಂಡತಿ ಕೈ ಬಿಡುವುದೇ ಇಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗು.

ಚಿತ್ರದುರ್ಗದ ಚಂದ್ರವಳ್ಳಿ ಗುಹೆಗೆ ಹೋಗೋಣ ಎಂದವನು ಅವನೇ. ಅವನ ತಾಯಿ ಗಾಜನೂರಿಗೆ ಹೋದರೆ ಸಾಕು ಎಂದರಂತೆ. "ಗಾಜನೂರು ಡ್ಯಾಮ್ ನೋಡಿ ನೋಡಿ ನೀರಿಗೇ ಬೇಜಾರಾಗಿದೆ ಕಣಮ್ಮ" ಎಂದು ಅವನು ಕಾರು ಗೊತ್ತು ಮಾಡಿಬಿಟ್ಟ. ತಂಗಿ ನನಗೆ ಫೋನು ಮಾಡಿದಳು.

"ಅಣ್ಣ, ಒಳಗೆ ಹಗಲಲ್ಲೂ ಕತ್ತಲಂತೆ. ನಡುಗೋಕೆ ಶುರುವಾಗಿದೆ ನನಗೆ."

"ಹೊಟ್ಟೆನೋವು ಅಂತ ಹೇಳಿ ಮನೇಲೇ ಉಳ್ಕೋ."

"ಎಷ್ಟು ಸಲ ಹೊಟ್ಟೆನೋವು ಬರ್ಸ್ಕೊಳ್ಳಲಿ? ನೀನೂ ಬಾ. ನೀನು ಮುಂದೆ ಇದ್ರೆ ಸಾಕು. ವಾಪಸ್ ಬಂದಮೇಲೆ ನಾನೇ ಎಲ್ಲಾ ಹೇಳಿಬಿಡ್ತೀನಿ."

ಭಾನುವಾರ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಅವರ ಕಾರು ಹತ್ತಿದೆ. ತಂಗಿಯ ಮದುವೆಗೆ ಹೊಲಿಸಿದ ಶರಟು ಹಾಕಿಕೊಂಡಿದ್ದೆ. ದಾರಿಯುದ್ದಕ್ಕೂ ಬೀಗತಿ ನನ್ನನ್ನು ಉಪಚರಿಸಿದರು, ಚಿತ್ರಾನ್ನದ ಡಬ್ಬಿಯಲ್ಲಿ ಕಡಲೆಬೀಜ ಹೆಚ್ಚಿದ್ದ ಕಡೆಯಿಂದಲೇ ನನಗೆ ಬಡಿಸಿದರು. ಹೆಣ್ಣು ಕೊಟ್ಟವನಿಗೆ ಇಷ್ಟು ಮರ್ಯಾದೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಅದು ನನಗೆ ಹಿಡಿಸಿತ್ತು.

ಗುಹೆಯ ಬಾಯಲ್ಲಿ ಗೈಡು ಟಾರ್ಚು ಹಿಡಿದು ನಿಂತಿದ್ದ. ನಮ್ಮ ಜೊತೆ ಕಾಲೇಜು ಹುಡುಗಿಯರ ಗುಂಪೂ ಸೇರಿಕೊಂಡಿತು. ದಾರಿ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು. ಭಾವ, ಅಂದರೆ ತಂಗಿಯ ಗಂಡ, ಫೋನಿನಲ್ಲಿ ವಿಡಿಯೊ ಮಾಡುತ್ತಾ ಗೈಡಿನ ಬೆನ್ನಿಗಿದ್ದ. ಅವನ ಹಿಂದೆ ನಾನು, ನನ್ನ ಹಿಂದೆ ತಂಗಿ, ಅವಳ ಹಿಂದೆ ಅವಳ ಅತ್ತೆ. ಎಲ್ಲರ ಕೈಯಲ್ಲೂ ಫೋನಿನ ದೀಪ ಉರಿಯುತ್ತಿತ್ತು. ಅದರಿಂದ ತಂಗಿಗೆ ಉಪಯೋಗವಿರಲಿಲ್ಲ. ಅವಳಿಗೆ ದೀಪ ಕಾಣುತ್ತದೆ, ನೆಲ ಕಾಣುವುದಿಲ್ಲ.

ನಾನು ಕೆಮ್ಮುತ್ತಾ ಹೋದೆ. ಇಳಿಜಾರಿಗೆ ಒಂದು, ಏರಿಗೆ ಎರಡು. ಹಿಂದಿನಿಂದ ಅವಳ ಕಾಲು ಸರಿಯಾದ ಜಾಗದಲ್ಲಿ ಬೀಳುವ ಸದ್ದು ಕೇಳುತ್ತಿತ್ತು. ಬಂಡೆಯೊಳಗೆ ಕೋಣೆಯೊಳಗೊಂದು ಕೋಣೆ. ಇದು ಪೂಜೆಯ ಜಾಗ, ಇದು ಮಲಗುವ ಜಾಗ ಎಂದು ಗೈಡು ತೋರಿಸುತ್ತಿದ್ದ. ಗೋಡೆಯ ಮೇಲೆ ಹಳೆಯ ಬಣ್ಣ ಅಲ್ಲಲ್ಲಿ ಉಳಿದಿತ್ತು. ಕಲ್ಲಿನ ಗೂಡಿನಲ್ಲಿ ನನ್ನ ಕೆಮ್ಮು ದೊಡ್ಡದಾಗಿ ತಿರುಗಿ ಬರುತ್ತಿತ್ತು.

ಒಂದು ಕಡೆ ಭಾವ ತಿರುಗಿ ನಿಂತು, "ಏನ್ ಭಾವ, ತಪಸ್ಸಿಗೆ ಕೂತೋರೆಲ್ಲ ಎದ್ದು ಓಡ್ತಾರೆ ನಿಮ್ಮ ಕೆಮ್ಮಿಗೆ. ಬೀಡಿ ಬಿಡಿ ಮಾರಾಯ್ರೇ" ಎಂದ.

"ಟಿಬಿ ಗಿಬಿ ಇದ್ರೆ ಹೊರಗೆ ಕೂತ್ಕೊಳ್ಳಿ ಸಾರ್, ಒಳಗೆ ಗಾಳಿ ಕಮ್ಮಿ" ಎಂದ ಗೈಡು.

ಹುಡುಗಿಯರು ಕಿಸಕ್ಕನೆ ನಕ್ಕರು. ಒಬ್ಬಳು ಮೂಗಿಗೆ ದುಪಟ್ಟಾ ಹಿಡಿದುಕೊಂಡಳು. ಬೀಗತಿಯೂ ನಕ್ಕರು. ನಾನು ಬೀಡಿ ಸೇದುವವನೇ ಅಲ್ಲ. ಹೊಸ ಶರಟು ಹಾಕಿಕೊಂಡು ಬಂದವನು ರೋಗಿಷ್ಠನಂತೆ ನಿಂತಿದ್ದೇನೆ ಅನ್ನಿಸಿತು. ಮುಂದೆ ಮೆಟ್ಟಿಲುಗಳಿದ್ದವು, ಆಳವಾಗಿಯೇ ಇದ್ದವು. ಕೆಮ್ಮು ಗಂಟಲಿಗೆ ಬಂದಿತ್ತು. ನುಂಗಿಕೊಂಡು ಇಳಿದುಬಿಟ್ಟೆ.

ಬಳೆಗಳು ಬಂಡೆಗೆ ಬಡಿದ ಸದ್ದಾಯಿತು.

ಗೈಡು ಓಡಿಬಂದು ಟಾರ್ಚು ಹಿಡಿದ. ತಂಗಿ ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ಹುಬ್ಬಿನ ಮೇಲೆ ರಕ್ತ ಬರುತ್ತಿತ್ತು. ಭಾವ ಎಬ್ಬಿಸಲು ಕೈ ಚಾಚಿದ. ಆ ಕೈ ಅವಳ ಮುಖದ ಮುಂದೆಯೇ ಇತ್ತು, ಅವಳು ಬೇರೆಲ್ಲೋ ಗಾಳಿಯಲ್ಲಿ ಹುಡುಕುತ್ತಿದ್ದಳು. ಅವಳು ಹುಡುಕುತ್ತಿದ್ದದ್ದು ನನ್ನನ್ನು.

"ಏ, ನಿನಗೆ ಕಣ್ಣು ಕಾಣಲ್ವಾ?" ಎಂದರು ಅತ್ತೆ. ಅವರು ಬೈಯಲು ಕೇಳಿದ್ದು. ಆದರೆ ಅವಳ ಕೈ ನೋಡುತ್ತಾ ನೋಡುತ್ತಾ ಅವರ ದನಿ ತಗ್ಗಿತು.

"ಕತ್ತಲಲ್ಲಿ ಕಾಣಲ್ಲ ಅತ್ತೆ."

"ಎಷ್ಟು ದಿನದಿಂದ?"

"ಮದುವೆ ಗೊತ್ತಾದಮೇಲೆ ಶುರುವಾಯ್ತು. ನಾನೇ ಮುಚ್ಚಿಟ್ಟೆ."

"ನಿಮ್ಮಣ್ಣಂಗೆ ಗೊತ್ತಾ?"

ಟಾರ್ಚು ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು:

"ಇಲ್ಲ. ಅಣ್ಣಂಗೆ ಏನೂ ಗೊತ್ತಿಲ್ಲ."

ತಿದ್ದಿ ಹೇಳಲು ನನಗೆ ಆಗ ಸಮಯವಿತ್ತು. ಗೈಡು ಕರವಸ್ತ್ರ ಕಟ್ಟುವವರೆಗೂ ಇತ್ತು, ಹೊರಗೆ ಬಂದು ಪಕ್ಕದ ಕೆರೆಯ ದಡದಲ್ಲಿ ಕೂತಾಗಲೂ ಇತ್ತು. ಬೀಗತಿ, "ನೋಡಿ, ನಿಮಗೂ ಹೇಳಿಲ್ವಲ್ಲ ಇವಳು" ಎಂದು ನನ್ನ ಮೇಲೆ ಮರುಕಪಟ್ಟರು. ನಾನು ತಲೆ ಆಡಿಸಿದೆ. ಆ ತಲೆಯಾಡಿಸಿದ್ದು ಹುಸಿ ಕೆಮ್ಮಿಗಿಂತ ದೊಡ್ಡ ಸುಳ್ಳು. ಊಟದ ಡಬ್ಬಿ ಬಿಚ್ಚಿದಾಗ ನನಗೇ ಮೊದಲು ಬಡಿಸಿದರು. ನಾನು ಉಂಡೆ.

ಭಾವ ಕೆಲವು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಸರಿಹೋದ. ಸಂಜೆ ಅಂಗಡಿಯಿಂದ ಬಂದವನೇ ಮನೆಯ ದೀಪಗಳನ್ನೆಲ್ಲ ಹಾಕುತ್ತಿದ್ದ, ಬೀದಿಯಲ್ಲಿ ತಾನೇ ಅವಳ ಕೈ ಹಿಡಿಯುತ್ತಿದ್ದ. ಆದರೆ ಅತ್ತೆ ಸರಿಹೋಗಲಿಲ್ಲ. ಅವರಿಗೆ ಕಣ್ಣಿನ ಸಿಟ್ಟಿರಲಿಲ್ಲ, ಸುಳ್ಳಿನ ಸಿಟ್ಟಿತ್ತು. ತಂಗಿ ತಲೆನೋವು ಎಂದರೆ "ಯಾವಾಗಿಂದ? ಮದುವೆ ಗೊತ್ತಾದಮೇಲಿಂದಾನಾ?" ಎನ್ನುತ್ತಿದ್ದರಂತೆ. ಹಾಲು ಕಾಯಿಸಿದ್ದೇನೆ ಎಂದರೆ ಪಾತ್ರೆ ಮುಟ್ಟಿ ನೋಡುತ್ತಿದ್ದರಂತೆ. ನಾನು ಹೋದಾಗ ಮಾತ್ರ ಚಾಪೆ ಕೊಡವಿ ಹಾಸಿ ಕೂರಿಸುತ್ತಿದ್ದರು. ಆ ಚಾಪೆಯ ಮೇಲೆ ನಾನು ಎಷ್ಟೋ ಸಲ ಕೂತಿದ್ದೇನೆ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಕೋಟೆಯ ಮನೆಗೆ ಹೋಗಿದ್ದೆ. ನನಗೆ ನೆಗಡಿಯಾಗಿತ್ತು. ಕರೆಂಟು ಹೋಗಿ ದೇವರ ಮುಂದಿನ ದೀಪ ಒಂದೇ ಉರಿಯುತ್ತಿತ್ತು. ತಂಗಿ ಅಡುಗೆಮನೆಯಿಂದ ಕಾಫಿ ತರುತ್ತಿದ್ದಳು. ದಿನವೂ ಓಡಾಡುವ ಮನೆ, ನೇರವಾಗಿಯೇ ಬರುತ್ತಿದ್ದಳು. ಆಗ ನನಗೆ ಕೆಮ್ಮು ಬಂತು. ನಿಜವಾದ ಕೆಮ್ಮು.

ತಂಗಿ ನಡುಮನೆಯಲ್ಲಿ ತಟ್ಟನೆ ನಿಂತಳು. ಒಂದು ಕಾಲು ಮುಂದಿಟ್ಟು ಸಪಾಟು ನೆಲದಲ್ಲಿ ಇಲ್ಲದ ಮೆಟ್ಟಿಲನ್ನು ಬೆರಳಿನಿಂದ ತಡಕಿದಳು. ಕಾಫಿ ತಟ್ಟೆಗೆ ಚೆಲ್ಲಿತು.

"ಯಾಕೆ ನಿಂತೆ? ಅಲ್ಲೇನಿದೆ?" ಎಂದರು ಅತ್ತೆ.

"ಏನಿಲ್ಲ ಅತ್ತೆ."

ಮತ್ತೆ ಅವಳೇ ಮುಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನಾನು ಕೆಮ್ಮಿದ್ದಕ್ಕೆ ನಿಂತಳಮ್ಮ" ಎಂದು ಶುರುಮಾಡಿ ಹಾಲಿನ ಗಲ್ಲಿ, ಬೆಳಗಿನ ಗಳಿಗೆ, ಬಿಪಿ, ಸಕ್ಕರೆ, ಗುಹೆ ಎಲ್ಲವನ್ನೂ ಹೇಳಿದೆ. ಹುಟ್ಟಿನಿಂದ ಇದ್ದದ್ದು ಎಂದೂ ಹೇಳಿದೆ. ಮುಗಿದ ಮೇಲೆ ಬೀಗತಿ ತಂಗಿಯ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟರು.

"ಇವಳು ತಲೆನೋವು ಅಂದ್ರೂ ನಾನು ನಂಬ್ಲಿಲ್ಲ" ಎಂದರು. "ನೀವು ಆವತ್ತು ಒಂದು ಮಾತು ಹೇಳಿದ್ರೆ ನಂಬ್ತಿದ್ದೆ. ಪ್ರತಿ ಸಲ ಬಂದು ಇಲ್ಲೇ ಕೂತು ಕಾಫಿ ಕುಡ್ಕೊಂಡು ಹೋದ್ರಲ್ಲ."

ಅಷ್ಟು ಹೇಳಿ ಒಳಗೆ ಹೋದರು. ನಾನು ಎದ್ದು ಹೊರಡುವವರೆಗೂ ಹೊರಗೆ ಬರಲಿಲ್ಲ. ತಂಗಿ ಬಾಗಿಲವರೆಗೆ ಬಂದಳು. ಅವಳಿಗೆ ಹಗುರಾಗಿರಬಹುದು ಎಂದುಕೊಂಡಿದ್ದೆ.

"ಇನ್ನು ಅವರು ನಿನ್ನನ್ನ ಮೊದಲಿನ ಥರ ಕರೆಯಲ್ಲ" ಎಂದಳು.

"ಬೇಡ ಬಿಡು. ನನಗೆ ಆ ಮರ್ಯಾದೆ ಬೇಡ."

"ನನಗೆ ಬೇಕಿತ್ತು. ತವರುಮನೆ ಅಂತ ಇರೋದು ನೀನೊಬ್ಬ. ನೀನು ಈ ಮನೇಲಿ ತಲೆ ಎತ್ಕೊಂಡು ಕೂತ್ಕೊಳ್ಳಲಿ ಅಂತಾನೇ ನಾನು ಹಾಗೆ ಹೇಳಿದ್ದು. ಹೇಳೋದಾದ್ರೆ ಆವತ್ತೇ ಹೇಳ್ಬೇಕಿತ್ತು ಅಣ್ಣ, ನಾನು ಬಿದ್ದಾಗ."

ಜಗಲಿಯ ಮೆಟ್ಟಿಲು ಇಳಿಯುವಾಗ ಮತ್ತೆ ಕೆಮ್ಮು ಬಂತು. ತಿರುಗಿ ನೋಡಿದರೆ ಅವಳು ಹೊಸ್ತಿಲ ಮೇಲೆ ಬಾಗಿಲಚೌಕಟ್ಟು ಹಿಡಿದು ನಿಂತಿದ್ದಳು.

ಈಗ ಅತ್ತೆ ಅವಳ ಮಾತು ನಂಬುತ್ತಾರಂತೆ. ನಾನು ಹೋದರೆ ಚಾಪೆಯನ್ನು ತಂಗಿಯೇ ಹಾಸುತ್ತಾಳೆ. ನೆಗಡಿಯಾದ ದಿನಗಳಲ್ಲಿ ನಾನು ಕೋಟೆಗೆ ಹೋಗುವುದಿಲ್ಲ.