ಹೆಬ್ಬೆರಳು ಆರಿಸಿದ ಗರಗಸ

ಆಂಟಾಪ್ ಹಿಲ್‌ನ ಚಾಳಿನಲ್ಲಿ ಶೆಟ್ಟೆಪ್ಪನವರದು ನಮ್ಮ ಪಕ್ಕದ ಖೋಲಿ. ಬಿಜಾಪುರದ ಕಡೆಯವರು. ಸಾಂತಾಕ್ರೂಜಿನಲ್ಲಿ ಕಿಟಕಿ ಸರಳು ಮಾಡುವ ಕಾರಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ಕೈಗರಗಸದಲ್ಲಿ ಕಬ್ಬಿಣ ಕೊಯ್ಯುತ್ತಿದ್ದರು. ಕೊಯ್ದ ತುದಿಯ ಮೇಲೆ ಹೆಬ್ಬೆರಳು ಆಡಿಸುವರು. ಚುಚ್ಚದಿದ್ದರೆ ಮಾತ್ರ "ಶಿವಾ" ಎಂದು ಮುಂದಿನ ಸಲಾಕೆ ಹಿಡಿಯುವರು. ತಮ್ಮೂರಿನ ಭೀಮರಾಯ, ಕಾಶಪ್ಪ ಇಬ್ಬರನ್ನೂ ಅವರೇ ಕರೆತಂದು ಅದೇ ಕೆಲಸಕ್ಕೆ ಹಚ್ಚಿದ್ದರು.

ಎಪ್ಪತ್ತಮೂರರ ಶ್ರಾವಣದಲ್ಲಿ ಕಾರಖಾನೆಯ ಮಾಲೀಕ ಶೇಠ್ ಕರೆಂಟಿನ ಗರಗಸ ಕೊಳ್ಳಲು ಹೊರಟ. ಕಬ್ಬಿಣ ಬಲ್ಲವರು ಜೊತೆಗಿರಲೆಂದು ಶೆಟ್ಟೆಪ್ಪನವರನ್ನೇ ನಾಗದೇವಿ ಸ್ಟ್ರೀಟಿನ ಅಂಗಡಿಗೆ ಕರೆದೊಯ್ದ.

ಅಲ್ಲಿ ಎರಡು ಮಷೀನು. ಒಂದರ ಚಕ್ರ ಕಿರುಚಿ, ಕಿಡಿ ಹಾರಿಸಿ, ರೆಪ್ಪೆ ಬಡಿಯುವುದರೊಳಗೆ ಸಲಾಕೆ ಕಡಿಯಿತು. ತುದಿ ಮಾತ್ರ ಕಪ್ಪಾಗಿ, ಅಂಚಿನ ತುಂಬ ಚೂಪಾದ ಸಿಪ್ಪೆ. ಇನ್ನೊಂದರ ಅಲಗು ಮನುಷ್ಯನ ಕೈಯಂತೆಯೇ ಹಿಂದೆ ಮುಂದೆ ಆಡಿತು. ನಿಧಾನ.

"ಬೋಲೋ ಶೆಟ್ಟೆಪ್ಪ, ಕೌನ್ಸಾ?" ಯಾವುದೆಂದು ಶೇಠ್ ಕೇಳಿದ.

ಮುಂದಿನದನ್ನು ಅವರು ಸೋಮವಾರದ ಭಜನೆ ಮುಗಿದ ಮೇಲೆ ನನ್ನ ಮುಂದೆ ಹೇಳಿದರು.

"ಅಕ್ಕಾರ, ಚಕ್ರದ್ದ ತಗೊಂಡಿದ್ರ ಸಿಪ್ಪಿ ಉಜ್ಜಾಕ ಇಬ್ಬರು ಬೇಕಾಗ್ತಿದ್ರು. ನಮ್ಮ ಹುಡುಗೋರು ಉಳೀತಿದ್ರು. ಇನ್ನೊಂದಕ್ಕ ಸಲಾಕಿ ಇಟ್ಟು ಗುಂಡಿ ಒತ್ತಾಕ ಒಬ್ಬ ಸಾಕು. ಚಕ್ರದ್ದ ಅಂತ ಅನ್ನಾಕ ಬಾಯಿ ತೆಗದೆ."

"ಮತ್ತ?"

"ಬೆರಳು ಮೊದಲ ಹೋಗಿಬಿಟ್ಟಿತ್ರೀ, ಆ ಎರಡನೇದು ಕೊಯ್ದ ತುದಿ ಮ್ಯಾಲೆ. ಒಂಚೂರೂ ಚುಚ್ಚಲಿಲ್ಲ. ಬಾಯಾಗ ಶಿವಾ ಅಂತ ಬಂತು."

ಹದಿನೆಂಟು ವರ್ಷ ಆ ಮಾತು ಕೇಳಿದ ಶೇಠ್‌ಗೆ ಬೇರೆ ಉತ್ತರ ಬೇಕಿರಲಿಲ್ಲ. "ಬಸ್, ಯಹೀ" ಎಂದು ಅದನ್ನೇ ಆರಿಸಿದ. ಇನ್ನೊಂದು ಬೇಗ ಕಡಿಯುತ್ತದೆ ಎಂದು ಇವರು ಎರಡು ಸಲ ಹೇಳಿ ನೋಡಿದರಂತೆ. ಶೇಠ್ ನಕ್ಕು ಹೆಗಲು ತಟ್ಟಿದನಂತೆ.

ಮಷೀನು ಬಂದ ವಾರವೇ ಇಬ್ಬರ ಕೆಲಸವೂ ಹೋಯಿತು. ಭೀಮರಾಯ ಬಂದು ತನ್ನ ಗರಗಸವನ್ನು ಶೆಟ್ಟೆಪ್ಪನವರ ಹೊಸ್ತಿಲಿಗೆ ಒರಗಿಸಿ ನಿಂತ. ಕಾಶಪ್ಪನೂ ತನ್ನದನ್ನು ಅಲ್ಲೇ ಇಟ್ಟ. ಅವನಿಂದ ಸುಮ್ಮನಿರಲಾಗಲಿಲ್ಲ.

"ಭಾಳ ಛಲೋ ಆರಿಸಿದಿ ಕಾಕಾ. ನಮ್ಮ ಮ್ಯಾಲೂ ಒಮ್ಮೆ ಹೆಬ್ಬೆರಳು ಆಡಿಸಿ ನೋಡಬೇಕಿತ್ತು, ಎಲ್ಲಿ ಚುಚ್ಚತೈತಂತ."

"ಚಾ ಕುಡದು ಹೋಗ್ರೋ" ಎಂದಷ್ಟೇ ಶೆಟ್ಟೆಪ್ಪನವರು ಅಂದರು. ಹುಡುಗರು ಕುಡಿಯದೆ, ಗರಗಸ ಅಲ್ಲೇ ಬಿಟ್ಟು ಹೋದರು.

ಆ ದಸರೆಯಲ್ಲಿ ಆಯುಧಗಳ ಖಂಡೆ ಪೂಜೆಗೆ ಕಾರಖಾನೆಯ ಮಷೀನಿಗೆ ಹಾರ ಹಾಕುವುದು ಶೆಟ್ಟೆಪ್ಪನವರ ಪಾಲಿಗೇ ಬಂತು. ಹಾಕಿ ಬಂದರು. ಮನೆಯಲ್ಲಿ ಆ ಎರಡು ಕೈಗರಗಸಗಳನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಲು ಕೂತರು. ಎಷ್ಟು ಹೊತ್ತಾದರೂ ಕೈ ಮೇಲೇಳಲಿಲ್ಲ. ಕಡೆಗೆ ಅವರ ಹೆಂಡತಿ ದಾನವ್ವನೇ ಹಚ್ಚಿದಳು.