ಅಮರೇಗೌಡರ ರೆಡ್ ವೈನ್

ರೆಡ್ ವೈನ್ ಬಾಟಲಿ ತೋರಿಸಿ, ಚಹಾ ಕುಡಿಸಿ ಕಳಿಸುವ ಅಮರೇಗೌಡರನ್ನು ನಾನು ಬಹಳ ದಿನ ಜಿಪುಣರೆಂದೇ ತಿಳಿದಿದ್ದೆ. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾಗಿ ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವ ಗೌಡರು, ನಾಸಿಕದ ದ್ರಾಕ್ಷಿ ಬೆಳೆ ತರಬೇತಿಯಿಂದ ತಂದ ಆ ಬಾಟಲಿಗೆ ಬೇಸಿಗೆಯಿಡೀ ಹಸಿ ಗೋಣಿತಟ್ಟು ಸುತ್ತಿ ತಂಪಾಗಿಡುತ್ತಾರೆ. ತಾವು ಮಾತ್ರ ಕೂಲರ್ ಇಲ್ಲದೆ ಬೇಯುತ್ತಾರೆ. ಬಂದವರಿಗೆಲ್ಲ ಒಂದೇ ಪಾಠ: “ಹೊಸದಿದ್ದಾಗ ಘಮಘಮ ಅಂತದರೀ. ಆಮ್ಯಾಲ ನಾಕಾರು ವರ್ಷ ಮುನಿಸಿಕೊಂಡು ಕುಂದರ್ತದ, ವಾಸನಿ ಇಲ್ಲ, ರುಚಿ ಇಲ್ಲ. ಕಾದವರಿಗೆ ಮತ್ತ ಅರಳ್ತದ. ಈಗಿನ್ನೂ ಮುನಿಸಿನ್ಯಾಗ ಅದ, ಮುಂದಿನ ಐತವಾರ ಬರ್ರಿ, ನೋಡೂಣು.” ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಕುರ್ಚಿಗಳನ್ನೆಲ್ಲ ಒರೆಸಿಟ್ಟು, ಬಾಗಿಲು ತೆರೆದುಕೊಂಡು ಕೂತಿರುತ್ತಾರೆ. ಮೊನ್ನೆ ನಾನು ಕೇಳಿಯೇಬಿಟ್ಟೆ: “ಗೌಡ್ರ, ಮುನಿಸು ಹೋಗ್ಯದೋ ಇಲ್ಲೋ, ಒಮ್ಮೆ ಬಿರಡಿ ತೆಗೆದು ನೋಡಬಾರದೇನ್ರಿ?” ಗೌಡರು ಬಾಟಲಿಗೆ ಗೋಣಿತಟ್ಟು ಸುತ್ತುತ್ತಲೇ ಅಂದರು: “ತೆಗೆದಮ್ಯಾಲ ನೀವ್ಯಾಕ ಬರ್ತೀರಿ?”